ಕೆರೆಯ ನಡುವೆ ನಿಂತ ಎಮ್ಮೆ

ಯುಗಾದಿಯ ಮರುದಿನ ಬೆಳಿಗ್ಗೆ ಗಿರಣಿಯ ಬೀಗ ತೆಗೆಯಲು ಹೋದವಳು ಬಾಗಿಲು ನೋಡಿ ನಿಂತುಬಿಟ್ಟೆ. ನನ್ನ ಸೊಂಟದ ಎತ್ತರಕ್ಕೆ, ಬಲಗಡೆಯ ಹಲಗೆಯ ಮೇಲೆ, ಕೆಮ್ಮಣ್ಣಿನಲ್ಲಿ ಅದ್ದಿ ಒತ್ತಿದ ಒಂದು ಪುಟ್ಟ ಕೈ. ಐದೂ ಬೆರಳು ಚೆನ್ನಾಗಿ ಮೂಡಿದ್ದವು. ಕಿರುಬೆರಳು ಸ್ವಲ್ಪ ಸೊಟ್ಟಗಿತ್ತು.

"ಯಾರ್ಲೇ ಅದು, ನನ್ನ ಬಾಗಲಾ ಹೊಲಸ ಮಾಡಿದವ್ರು?" ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ. ಒದರಿದ ಮೇಲೆ ಅದು ಏನೆಂದು ತಲೆಗೆ ಹೊಳೆಯಿತು. ನನ್ನ ಸ್ವಭಾವವೇ ಹಾಗೆ. ಮೊದಲು ಬಾಯಿ, ಆಮೇಲೆ ತಲೆ.

ಹಿಂದೆ ನಿಂತಿದ್ದ ನನ್ನ ಗಂಡ ಗದಿಗೆಪ್ಪ ಜೋಳದ ಚೀಲ ಕೆಳಗಿಳಿಸಿ ನಗತೊಡಗಿದ. "ಹೊಲಸಲ್ಲ ಹುಚ್ಚಿ. ಯಾವುದೋ ಕೂಸು ನಿನ್ನ ಕೈ ಕೇಳೇತಿ."

"ನನ್ನ ಕೈ? ಯಾಕ, ಅದಕ್ಕ ಜೀವದ ಮ್ಯಾಲ ಆಶಾ ಇಲ್ಲೇನು?"

ನಮ್ಮ ಊರಲ್ಲಿ ಪುಸ್ತಕ ಒಬ್ಬರ ಕೈಗೆ ತೆರೆಯುವುದಿಲ್ಲ. ಇಬ್ಬರು ಬೇಕು. ಒಬ್ಬರು ಈ ಕಡೆಯ ರಟ್ಟಿನ ಮೇಲೆ, ಇನ್ನೊಬ್ಬರು ಆ ಕಡೆಯ ರಟ್ಟಿನ ಮೇಲೆ ಕೈಯಿಟ್ಟರೆ ಅದು ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಒಬ್ಬರು ಕೈ ತೆಗೆದರೆ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಯಾವ ಇಬ್ಬರು ತೆರೆದರೋ ಆ ಇಬ್ಬರೇ ಮುಗಿಸಬೇಕು. ಕಡೆಯ ಹಾಳೆ ಓದುವ ತನಕ ಬೇರೆ ಯಾರು ಎಷ್ಟು ಜಗ್ಗಿದರೂ ಅದು ಬಾಯಿ ಬಿಡುವುದಿಲ್ಲ. ಮುಗಿದ ಮೇಲೆ ಇನ್ನೊಂದು ಜೋಡಿಗೆ ಸಿಗುತ್ತದೆ. ಶಾಲೆಯ ಪಠ್ಯಪುಸ್ತಕಗಳು ಮಾತ್ರ ಯಾರ ಕೈಗಾದರೂ ತೆರೆಯುತ್ತವೆ. ಅವು ಯಾಕೆ ಹಾಗೆ ಎಂದು ನಾವು ಕೇಳಿಲ್ಲ, ಉಳಿದವು ಯಾಕೆ ಹೀಗೆ ಎಂದೂ ಕೇಳಿಲ್ಲ.

ಊರು ಇದಕ್ಕೆ ತಕ್ಕಂತೆ ತನ್ನ ಬದುಕು ಹೊಂದಿಸಿಕೊಂಡಿದೆ. ಹೆಣ್ಣು ನೋಡಲು ಬಂದವರು ಹುಡುಗಿ ಯಾರ ಜೊತೆ ಯಾವ ಪುಸ್ತಕ ಹಿಡಿದಿದ್ದಾಳೆ, ಅದರಲ್ಲಿ ಎಷ್ಟು ಉಳಿದಿದೆ ಎಂದು ಮೊದಲು ಕೇಳುತ್ತಾರೆ; ದಪ್ಪ ಪುಸ್ತಕವಾದರೆ ಮುಹೂರ್ತ ಮುಂದೆ ಹೋಗುತ್ತದೆ. ಪೇಟೆಯ ಪೇದೆಯೊಬ್ಬ ಬೇಸರ ಕಳೆಯಲು ತಾನು ಹಿಡಿದ ಕಳ್ಳನ ಜೊತೆಯೇ ಒಂದು ಪುಸ್ತಕ ತೆರೆದ. ಕಳ್ಳನ ಶಿಕ್ಷೆ ಮುಗಿಯಿತು, ಪುಸ್ತಕ ಮುಗಿಯಲಿಲ್ಲ. ಬಿಟ್ಟು ಕಳಿಸಿದ ಮೇಲೂ ಅವನು ದಿನಾ ಸಂಜೆ ಠಾಣೆಗೆ ತಾನಾಗಿ ಬರುತ್ತಿದ್ದ. ಕಡೆಗೆ ಅಲ್ಲಿಯೇ ಹೂವಿನ ಗಿಡಗಳಿಗೆ ನೀರು ಹಾಕುವ ಕೆಲಸಕ್ಕೆ ನಿಂತ. ಇನ್ನು ಕರೆಂಟು ಹೋದರೆ ಬೇರೆ ಊರಿನವರು ಶಾಪ ಹಾಕುತ್ತಾರಂತೆ. ನಮ್ಮಲ್ಲಿ ಯಂತ್ರಗಳೆಲ್ಲ ನಿಂತು, ಕಟ್ಟೆ ಕಟ್ಟೆಯ ಮೇಲೆ ಪುಸ್ತಕ ತೆರೆಯುವ ಸಪ್ಪಳ ಕೇಳುತ್ತದೆ.

ಇದರಲ್ಲಿ ದೊಡ್ಡದು ಮಕ್ಕಳ ಮೊದಲ ಪುಸ್ತಕ. ಅಕ್ಷರ ಕೂಡಿಸಿ ಓದಲು ಬಂದ ಮಗು ಯುಗಾದಿಯ ಮರುದಿನ ನಸುಕಿನಲ್ಲಿ ಯಾರಾದರೊಬ್ಬ ದೊಡ್ಡವರ ಬಾಗಿಲಿಗೆ ಕೈ ಒತ್ತಿ ಬರುತ್ತದೆ. ಅವ್ವ ಅಪ್ಪನನ್ನು ಕೇಳುವಂತಿಲ್ಲ. ಮನೆಯ ಹೊರಗೊಂದು ಕೈ ಸಂಪಾದಿಸಬೇಕು. ಯಾರ ಬಾಗಿಲಿಗೆ ಕೈ ಬಿತ್ತೋ ಅವರು ಒಲ್ಲೆ ಎನ್ನುವಂತಿಲ್ಲ. ಪುಸ್ತಕ ಮುಗಿದ ದಿನ ಮಗು ಗ್ರಂಥಾಲಯದ ಮುಂದಿನ ಕಂಚಿನ ಗಂಟೆ ಬಾರಿಸುತ್ತದೆ. ಪೇಟೆಯವರೆಲ್ಲ ತಕ್ಕಡಿ ಕೆಳಗಿಟ್ಟು "ಕಡಿಗೆ ಏನಾತು?" ಎಂದು ಕೂಗುತ್ತಾರೆ. ಮಗು ಮೆಟ್ಟಿಲ ಮೇಲೆ ನಿಂತು ಹೇಳಬೇಕು.

ಆದರೆ ಜೋಡಿ ಜಗಳವಾಡಿ ಬಿಟ್ಟ ಪುಸ್ತಕಗಳೂ ಇರುತ್ತವೆ. ಅಂಥವನ್ನು ಅಮಾವಾಸ್ಯೆಯ ದಿನ ಗ್ರಂಥಾಲಯದ ಅಡವೆಪ್ಪ ಮಾಸ್ತರರು ಒಳಕೋಣೆಯ ಕಪಾಟಿಗೆ ಹಾಕಿ ಬೀಗ ಜಡಿಯುತ್ತಾರೆ. ಅರ್ಧ ಕಪಾಟು ಎಂದು ಅದರ ಹೆಸರು. ಅದರೊಳಗೆ ಹೋದದ್ದು ಹೊರಗೆ ಬಂದದ್ದಿಲ್ಲ. ಮೊದಲ ಪುಸ್ತಕವೇ ಅಲ್ಲಿಗೆ ಹೋದ ಮಕ್ಕಳು ಮತ್ತೆ ಗ್ರಂಥಾಲಯದ ಮೆಟ್ಟಿಲು ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಪುಸ್ತಕ ಕಂಡರೆ ಮುಖ ತಿರುಗಿಸಿ ಬೇರೆ ಓಣಿ ಹಿಡಿಯುತ್ತವೆ.

ನನ್ನ ಬಾಗಿಲಿಗೆ ಈವರೆಗೆ ಯಾರೂ ಕೈ ಒತ್ತಿರಲಿಲ್ಲ. ಒತ್ತುವವರು ಯಾರು? ಗಿರಣಿ ಕಲ್ಲವ್ವ ಎಂದರೆ ಅಳುವ ಕೂಸು ಬಾಯಿ ಮುಚ್ಚುತ್ತದೆ. ಗೋದಿಯಲ್ಲಿ ಕಲ್ಲಿದ್ದರೆ ಬೈಯುತ್ತೇನೆ, ಸಾಲು ತಪ್ಪಿಸಿದರೆ ಬೈಯುತ್ತೇನೆ, ಹಸಿ ಜೋಳ ತಂದು ಬೀಸುವ ಕಲ್ಲಿಗೆ ಅಂಟಿಸಿದರೆ ಅವರ ಅಜ್ಜ ಮುತ್ತಜ್ಜರನ್ನೂ ಬಿಡುವುದಿಲ್ಲ. ಆದರೂ ಪ್ರತಿ ಯುಗಾದಿಯ ದಿನ ಸಂಜೆ ಆ ಬಾಗಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದೆ. ಹಿಟ್ಟಿನ ಧೂಳು ಕೂತರೆ ಹಲಗೆ ಹಾಳಾಗುತ್ತದೆ ಎಂದು ಗಂಡನಿಗೆ ಹೇಳುತ್ತಿದ್ದೆ. 

ಕೈ ಯಾರದೆಂದು ಮಧ್ಯಾಹ್ನ ಗೊತ್ತಾಯಿತು. ಎದುರು ಶೆಡ್ಡಿನಲ್ಲಿ ಹತ್ತಿ ಹಿಂಜಿ ಗಾದಿ ತುಂಬುವ ಇಮಾಮಸಾಬನ ಮಗಳು ದಾವಲಬಿ ಅಂಗೈಯಲ್ಲಿ ಇನ್ನೂ ಕೆಮ್ಮಣ್ಣು ಇಟ್ಟುಕೊಂಡೇ ಬಂದು ನಿಂತಳು. ಎಲ್ಲರೂ ದಾವಲಿ ಎನ್ನುತ್ತಾರೆ. ಕಡ್ಡಿಯಂಥ ಹುಡುಗಿ, ಕೂದಲ ತುಂಬ ಅರಳೆ. ನನ್ನ ಕೂದಲ ತುಂಬ ಹಿಟ್ಟು. ಒಬ್ಬರನ್ನೊಬ್ಬರು ನೋಡಿಕೊಂಡು ನಿಂತೆವು.

"ನೀನೇನು?" ಎಂದೆ.

"ಹೂಂ, ದೊಡ್ಡವ್ವಾ."

"ಗಟ್ಟಿಯಾಗಿ ಹೇಳು. ಬಾಯಾಗ ಹತ್ತಿ ತುರುಕ್ಯಾರೇನು?"

"ಹೂಂ," ಎಂದಳು, ಮೊದಲಿನಷ್ಟೇ ಮೆಲ್ಲಗೆ.

ಅಡವೆಪ್ಪ ಮಾಸ್ತರರ ಹತ್ತಿರ ಹೋಗಿ ಪುಸ್ತಕ ಆರಿಸಿದೆವು. ಅವಳೇ ಆರಿಸಿದಳು. ಮಾರಿಬಿಟ್ಟ ಎಮ್ಮೆಯೊಂದು ಹಗ್ಗ ಹರಿದುಕೊಂಡು, ಕೆರೆಯಿಂದ ಕೆರೆಗೆ ಈಜುತ್ತ ತನ್ನ ಹಳೆಯ ಕೊಟ್ಟಿಗೆಗೆ ಹೊರಟ ಕಥೆ. ಹೊಸದಾಗಿ ಬಂದದ್ದು, ಇನ್ನೂ ಯಾವ ಜೋಡಿಯೂ ತೆರೆದಿರಲಿಲ್ಲ. ಮಾಸ್ತರರು ಅದನ್ನು ನಮ್ಮ ಕೈಗೆ ಕೊಡುವಾಗ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತರು.

"ಕಲ್ಲವ್ವಾರ, ಇದನ್ನ ಓದಾಕ ಭಾಳ ಹುಡುಗರು ಕಾಯಾಕ ಹತ್ಯಾರ. ಜ್ವಾಕಿ."

"ಯಾಕ, ನಾ ಏನ್ ಎಮ್ಮಿನ ತಿಂತೀನೇನು?"

"ಎಮ್ಮಿ ಚಿಂತಿಲ್ರಿ ನನಗ," ಎಂದರು ಮಾಸ್ತರರು, ದಾವಲಿಯ ಕಡೆ ನೋಡುತ್ತ.

ದಿನಾ ಕರೆಂಟು ಹೋದ ಕೂಡಲೇ ದಾವಲಿ ಓಣಿ ದಾಟಿ ಬರುತ್ತಿದ್ದಳು. ಒಳಗೆ ಚೀಲದ ಮೇಲೆ ಕೂಡು ಎಂದರೆ ಕೇಳುತ್ತಿರಲಿಲ್ಲ. "ಹೊಸ್ತಿಲದಾಗ ಕುಂದ್ರೂನು ದೊಡ್ಡವ್ವಾ," ಎನ್ನುತ್ತಿದ್ದಳು. ಗಾಳಿಗೆ ಇರಬೇಕು ಎಂದುಕೊಂಡೆ. ಅವಳ ಕೈ ಒಂದು ರಟ್ಟಿನ ಮೇಲೆ, ನನ್ನ ಕೈ ಇನ್ನೊಂದರ ಮೇಲೆ. ಮೊದಲ ದಿನ ಪುಸ್ತಕ ತೆರೆದುಕೊಂಡಾಗ ನನಗೆ ನಗು ಬಂತು, ಅದನ್ನು ಕೆಮ್ಮಿ ಮುಚ್ಚಿಕೊಂಡೆ.

"ನೀ ಓದು ದೊಡ್ಡವ್ವಾ," ಎಂದಳು.

"ನಾ ಓದಿದ್ರ ನೀ ಕಲಿಯೂದು ಯಾವಾಗ? ನೀನ ಓದು. ನಾ ತಿದ್ದತೀನಿ."

ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು. ನಮ್ಮ ಮಾಸ್ತರರು ಓದಿಸಿದ್ದು ಹೀಗೆಯೇ: ತಪ್ಪಿದಲ್ಲಿ ನಿಲ್ಲಿಸು, ಮತ್ತೆ ಓದಿಸು, ಮತ್ತೂ ತಪ್ಪಿದರೆ ಕಿವಿ ಹಿಂಡು. ಕಿವಿಯನ್ನು ನಾನು ಮುಟ್ಟಲಿಲ್ಲ, ಅಷ್ಟರಮಟ್ಟಿಗೆ ನಾನು ಸುಧಾರಿಸಿದವಳು. ಅವಳು ಸೊಳ್ಳೆ ಗುಂಯ್ ಎಂದಂತೆ ಓದುತ್ತಿದ್ದಳು. ನಾನು ಗಿರಣಿಯ ದನಿಯಲ್ಲಿ ತಿದ್ದುತ್ತಿದ್ದೆ. "ತಪ್ಪು! ಹಿಂದಕ ಬಾ! ಅರ್ಧ ಅಕ್ಷರ ನುಂಗಬ್ಯಾಡ, ಊಟಾ ಮಾಡಿಲ್ಲೇನು? ಎಲ್ಲಿಗೆ ಓಡಾಕ ಹತ್ತಿ, ಚುಕ್ಕಿ ಕಾಣವಲ್ದೇನು? ನಿಲ್ಲು! ಈಗ ಓದಿದ್ದರಾಗ ಏನ್ ತಿಳೀತು, ಹೇಳು ನೋಡೂನು!" ಬೀಸಲು ಬಂದ ಹೆಂಗಸರು ಡಬ್ಬಿಯ ಮೇಲೆ ಗಲ್ಲ ಊರಿ ಕೂತು ನಮ್ಮನ್ನು ನೋಡುತ್ತಿದ್ದರು. ನಾನು ಕರ್ತವ್ಯ ಮಾಡುತ್ತಿದ್ದೇನೆ ಎಂಬ ಹೆಮ್ಮೆ ನನಗೆ.

ಹೀಗೆಯೇ ಎಮ್ಮೆ ಕೆರೆಯ ಮೇಲೆ ಕೆರೆ ದಾಟಿ, ಎಲ್ಲಕ್ಕಿಂತ ದೊಡ್ಡ ಕೆರೆಗೆ ಇಳಿಯಿತು. ನಡುನೀರಿಗೆ ಬಂದಾಗ ಮಂಜು ಕವಿಯಿತು. ಈ ದಡವೂ ಕಾಣದು, ಆ ದಡವೂ ಕಾಣದು. ಎಲ್ಲಿಂದಲೋ ಒಂದು ಕೊರಳಗಂಟೆಯ ಸಪ್ಪಳ. ಅದು ಬಿಟ್ಟುಬಂದ ಕಡೆಯದೋ, ಹೋಗಬೇಕಾದ ಕಡೆಯದೋ ತಿಳಿಯದೆ ಎಮ್ಮೆ ಕಾಲಾಡಿಸುತ್ತ ನಿಂತಿತು. ಅಲ್ಲಿ ದಾವಲಿ ಒಂದು ಸಾಲು ಬಿಟ್ಟು ಮುಂದಿನದಕ್ಕೆ ಜಿಗಿದಳು.

"ನಿಲ್ಲು! ಸಾಲು ಬಿಟ್ಟಿ. ಕಣ್ಣು ಎಲ್ಲಿ ಇಟ್ಟೀ? ಮೊದಲಿಂದ ಓದು, ಇಡೀ ಹಾಳಿ."

ಅವಳು ಓದಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದಳು. "ದೊಡ್ಡವ್ವಾ, ನೀ ಕತಿ ಓದಾಕ ಬಂದೀಯೋ, ನನ್ನ ಬೈಯಾಕ ಬಂದೀಯೋ?"

"ಏನಂದಿ?"

"ಎಮ್ಮಿ ಮುಳುಗಾಕ ಹತ್ತೇತಿ. ನೀ ಅಕ್ಷರ ಎಣಸಾಕ ಹತ್ತೀ."

"ನನಗ ಎದುರ ಮಾತಾಡ್ತೀಯೇನ? ಗೇಣುದ್ದ ಇದ್ದೀ!"

ಅವಳು ರಟ್ಟಿನ ಮೇಲಿನ ಕೈ ತೆಗೆದಳು. ಪುಸ್ತಕ ಪಟ್ಟನೆ ಮುಚ್ಚಿ ನನ್ನ ಹೆಬ್ಬೆರಳು ಸಿಕ್ಕಿಕೊಂಡಿತು. ನಾನು ಹಾಯ್ ಎನ್ನುವಷ್ಟರಲ್ಲಿ ಅವಳು ಓಣಿ ದಾಟಿ ಹೋಗಿದ್ದಳು. ಅಷ್ಟರಲ್ಲಿ ಕರೆಂಟೂ ಬಂತು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನು ಕರೆಯಲು ಹೋಗಲಿಲ್ಲ. ನಾನು ಯಾಕೆ ಹೋಗಬೇಕು? ಸಾಲು ಬಿಟ್ಟವಳು ಅವಳು. ಈಗ ಕೇಳಿದರೂ ನಾನು ಅದನ್ನೇ ಹೇಳುತ್ತೇನೆ, ಸಾಲು ಬಿಡಬಾರದು. ಪುಸ್ತಕವನ್ನು ತೂಕದ ಕಲ್ಲುಗಳ ಪಕ್ಕದಲ್ಲಿಟ್ಟೆ. ಕರೆಂಟು ಹೋದಾಗಲೆಲ್ಲ ಅದರ ಕಡೆ ಕಣ್ಣು ಹೋಗುತ್ತಿತ್ತು. ಒಮ್ಮೆ ಯಾರೂ ಇಲ್ಲದಾಗ ಎರಡೂ ರಟ್ಟು ಹಿಡಿದು ಜಗ್ಗಿ ನೋಡಿದೆ. ಬೀಸುವ ಕಲ್ಲನ್ನು ಬೇಕಾದರೆ ಎತ್ತಬಹುದು, ಅದು ಅಲುಗಲಿಲ್ಲ.

ನಿಜ ಹೇಳುತ್ತೇನೆ, ನನಗೆ ಆ ಹುಡುಗಿಗಿಂತ ಎಮ್ಮೆಯದೇ ಚಿಂತೆ ಹತ್ತಿತ್ತು. ಸಣ್ಣವಳಿದ್ದಾಗಿನಿಂದ ಎಮ್ಮೆ ಕಟ್ಟಿದ ಮನೆಯವಳು ನಾನು. ನೀರಿನ ನಡುವೆ ದಿಕ್ಕು ತಪ್ಪಿದ ಎಮ್ಮೆ ಸುತ್ತು ಹೊಡೆಯುತ್ತದೆ, ಸುತ್ತಿ ಸುತ್ತಿ ಸೋಲುತ್ತದೆ. ರೊಟ್ಟಿ ಬಡಿಯುವಾಗ ನೆನಪಾಗುತ್ತಿತ್ತು, ಗಿರಣಿಯ ಚಕ್ರಕ್ಕೆ ಪಟ್ಟಾ ಏರಿಸುವಾಗ ನೆನಪಾಗುತ್ತಿತ್ತು.

"ಅಲ್ರೀ, ಆ ಗಂಟಿ ಯಾವ ಕಡಿದಿರಬೇಕು?" ಎಂದು ಊಟಕ್ಕೆ ಕೂತ ಗಂಡನನ್ನು ಕೇಳಿದೆ.

"ಯಾವ ಗಂಟಿ?"

"ಎಮ್ಮಿ ಕೇಳಿಸಿಕೊಂಡ ಗಂಟಿ. ಹಳೀ ಮನಿ ಕಡಿದೇ ಆಗಿದ್ರೂ, ಮಾರಿದವ್ರ ಮನಿಗೆ ಅದು ಯಾಕ ಹೋಗಬೇಕು? ಮಾನ ಬ್ಯಾಡೇನು ಅದಕ್ಕ?"

"ನನಗೇನ್ ಗೊತ್ತು? ನಿನ್ನ ಜೋಡಿ ಎದುರಿಗೇ ಅದಾಳ. ಆಕಿನ್ನ ಕೇಳು." ಗದಿಗೆಪ್ಪ ಸಾರು ಸುರಿದುಕೊಂಡು, ನನ್ನ ಮುಖ ನೋಡದೆ ಹೇಳಿದ: "ಅಮಾಸಿ ಹತ್ರ ಬಂತು. ಕಪಾಟಿನ್ಯಾಗ ನೀರು ಇನ್ನೂ ಕತ್ತಲಿರತೈತಿ."

ಆ ಮಾತು ಬಂದು ಎದೆಗೆ ತಾಗಿತು. ಮರುದಿನ ಬೆಳಿಗ್ಗೆ ಹಿಟ್ಟು ಬೀಸಿಸಿಕೊಳ್ಳಲು ಬಂದ ಅಡವೆಪ್ಪ ಮಾಸ್ತರರೂ ತೂಕದ ಕಲ್ಲುಗಳ ಪಕ್ಕದ ಪುಸ್ತಕ ನೋಡಿ, ಸೊಂಟದ ಬೀಗದ ಕೈ ಸರಿಮಾಡಿಕೊಂಡು ಹೋದರು. ಬೈದಿದ್ದರೆ ನಾನೂ ಬೈಯಬಹುದಿತ್ತು.

ಅವತ್ತೇ ಮಧ್ಯಾಹ್ನ ಮನೆಯ ಹಳೆಯ ಗಾದಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಓಣಿ ದಾಟಿದೆ. ಗಾದಿ ಗಂಟುಗಂಟಾಗಿದ್ದು ನಿಜವೇ, ಆದರೆ ಅದು ವರ್ಷಗಟ್ಟಲೆ ಹಾಗೆಯೇ ಇತ್ತು. ಕರೆಂಟು ಆಗತಾನೆ ಹೋಗಿ, ಇಮಾಮಸಾಬನ ಯಂತ್ರ ನಿಂತಿತ್ತು. ದಾವಲಿಯ ತಾಯಿ ಮೂಲೆಯಲ್ಲಿ ದಬ್ಬಳದಿಂದ ಗಾದಿ ಹೊಲಿಯುತ್ತಿದ್ದಳು. ದಾವಲಿ ನನ್ನನ್ನು ನೋಡಿದ ಕೂಡಲೇ ಹತ್ತಿಯ ರಾಶಿಯ ಹಿಂದೆ ಸರಿದಳು.

ಇಮಾಮಸಾಬ ಮಾತು ಕಡಿಮೆಯ ಮನುಷ್ಯ. ನಾನು ಏನು ಬೈದರೂ "ಹೌದ್ರಿ ಅಕ್ಕಾರ" ಎಂದು ನಗುತ್ತಿದ್ದ. ಇಡೀ ಓಣಿಯಲ್ಲಿ ಮರ್ಯಾದಸ್ಥ ಇವನೊಬ್ಬನೇ ಎಂದು ನನ್ನ ಲೆಕ್ಕ. ಅವತ್ತು ಅವನೇ ಮೊದಲು ಮಾತಾಡಿದ.

"ಅಕ್ಕಾರ, ಕತಿ ಯಾಕ ನಿಂದರ್ಸಿದ್ರಿ? ಭಾಳ ಚಲೋ ಹೊಂಟಿತ್ತು. ನಾ ದಿನಾ ಯಂತ್ರ ನಿಂತ ಕೂಡ್ಲೇ ಇಲ್ಲೇ ಕುಂತು ಕೇಳತಿದ್ದೆ."

"ಚಲೋ ಇತ್ತ? ಏನ್ ಕೇಳಿದಿ ನೀನು?"

"ಆ ಹೆಣ್ಮಗಳು, ಎಲ್ಲಾರಿಗೂ ಬೈಕೊಂತ ಹೊಂಟಿದ್ಲಲ್ರಿ. ನಿಲ್ಲು, ಹಿಂದಕ ಬಾ, ಎಲ್ಲಿಗೆ ಓಡಾಕ ಹತ್ತಿ ಅಂತಿದ್ಲು. ಯಾರೋ ಓಡಿ ಹೋಗಾಕ ಹತ್ಯಾರ, ಆಕಿ ಬೆನ್ನ ಹತ್ಯಾಳ. ನುಂಗಬ್ಯಾಡ ಅಂದ್ಲು, ಊಟಾ ಮಾಡಿಲ್ಲೇನು ಅಂತ ಕೇಳಿದ್ಲು. ಸಿಟ್ಟಿನಾಕಿ ಖರೆ, ಆದ್ರ ಒಳಗ ಕರುಳು ಐತಿ ಆಕಿಗೆ. ಕಡಿಗೆ ಹಿಡದ್ಲೋ ಇಲ್ಲೋ?"

ನಾನು ಗಾದಿ ಹೊತ್ತುಕೊಂಡೇ ನಿಂತಿದ್ದೆ. "ಅಲ್ಲೋ ಇಮಾಮಣ್ಣ, ಕತಿ ಎಮ್ಮಿದು," ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

"ಹೌದ್ರಿ, ಹೌದ್ರಿ," ಎಂದು ಅವನು ತಲೆಯಾಡಿಸಿ ನಕ್ಕ. ಆ ನಗು ನನಗೆ ಹೊಸದಲ್ಲ. ಆದರೆ ಅದರ ಹಿಂದೆ ಏನಿತ್ತು ಎಂಬುದು ಅವತ್ತು ಮೊದಲ ಸಲ ಕಂಡಿತು.

ದಾವಲಿ ಹತ್ತಿಯ ಹಿಂದಿನಿಂದ ಬಂದು ನನ್ನ ಸೆರಗು ಜಗ್ಗಿ ಹೊರಗೆ ಕರೆದುಕೊಂಡು ಹೋದಳು. "ಯಾರಿಗೂ ಹೇಳಬ್ಯಾಡ ದೊಡ್ಡವ್ವಾ. ನಮ್ಮಪ್ಪಗ ಕಿವಿ ಕೇಳಂಗಿಲ್ಲ. ಯಂತ್ರದ ಸಪ್ಪಳಕ್ಕ ಹೋಗ್ಯಾವ. ಹಂಗಂತ ಅಂದ್ರ ಅವಗ ಸಿಟ್ಟು ಬರತೈತಿ. ನಾ ಎಷ್ಟ ಒದರಿದ್ರೂ ಕೇಳಂಗಿಲ್ಲ. ಊರಾಗ ನಿಂದೊಂದ ದನಿ ಕೇಳತೈತಿ ಅವಗ."

"ಅದಕ್ಕ ನನ್ನ ಬಾಗಲಿಗೆ ಕೈ ಒತ್ತಿದೇನು?"

"ಮತ್ತ? ನಿನ್ನ ಕಂಡ್ರ ನನಗ ಅಂಜಿಕಿ," ಎಂದಳು ಹುಡುಗಿ, ಮುಖ ಮೇಲೆತ್ತಿ. "ಹೂವಿನ ಅಂಗಡಿ ಆಯಿ ಎಷ್ಟ ಚಂದ ಓದತಾಳ, ಕರದು ಕೊಬ್ರಿ ಕೊಡತಾಳ. ಆಕಿ ಬಾಗಲಿಗೆ ಒತ್ತಬೇಕಂತ ಮಾಡಿದ್ದೆ. ಆದ್ರ ಆಕಿ ದನಿ ನಮ್ಮಪ್ಪನ ತನಕ ಬರೂದಿಲ್ಲ. ನೀ ಓದತಿ ಅಂತ ತಿಳಕೊಂಡಿದ್ದೆ. ನೀ ಬರೇ ಬೈದಿ. ಅವ ಅದನ್ನ ಕತಿ ಅಂತ ತಿಳಕೊಂಡಾನ."

ನನಗೆ ಸಿಟ್ಟು ಬರಬೇಕಿತ್ತು. ಬಂದರೆ ಯಾರ ಮೇಲೆ ಬರಬೇಕು ಎಂಬುದು ಗೊತ್ತಾಗದೆ ಅದು ಅಲ್ಲಿಯೇ ಇಂಗಿಹೋಯಿತು. ಇಷ್ಟು ವರ್ಷ ಊರವರೆಲ್ಲ ಕಿವಿ ಮುಚ್ಚಿಕೊಂಡ ಬಾಯಿ ಇದು. ಇದನ್ನು ಬೇಕು ಎಂದು ಕೇಳಿಕೊಂಡು ಬಂದದ್ದು ಇದೊಂದೇ ಕೂಸು.

"ದಾವಲೀ," ಎಂದೆ, "ಆ ಎಮ್ಮಿ ನೀರಾಗ ನಿಂತೈತಿ."

"ಗೊತ್ತೈತಿ."

"ನನಗ ರೊಟ್ಟಿ ಬಡಿಯಾಕ ಆಗವಲ್ದು. ಗಂಟಿ ಯಾವ ಕಡಿದು?"

ಅವಳ ಮುಖ ಬದಲಾಯಿತು. ನಾನು ಪರೀಕ್ಷೆ ಮಾಡಲು ಕೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು. ನನ್ನ ಹತ್ತಿರಕ್ಕೆ ಒಂದು ಹೆಜ್ಜೆ ಸರಿದಳು. "ನನಗ ಅನಸತೈತಿ ಅದು ಬ್ಯಾರೆ ಎಮ್ಮಿದಲ್ಲ. ನಮ್ಮ ಎಮ್ಮಿ ಕರುವಿಂದು."

"ಕರಾ? ಕರಾ ಮಾರಿರಲಿಲ್ಲೇನು?"

"ಮಾರ್ಯಾರಂತ ಎಲ್ಲಿ ಬರದೈತಿ? ನೀ ಬೈಯೂದ್ರಾಗ ಕೇಳಿಲ್ಲ."

"ಹಂಗಾರ ನಡಿ, ನೋಡೂನು."

"ನೀ ಓದಬೇಕು."

"ಓದತೀನಿ."

"ಬೈಬಾರ್ದು."

"ಅದನ್ನ ಹೇಳಾಕ ಬರೂದಿಲ್ಲ," ಎಂದೆ. ಸುಳ್ಳು ಹೇಳುವುದು ನನ್ನ ಜಾಯಮಾನವಲ್ಲ. "ಆದ್ರ ನಿನಗ ಬೈಯೂದಿಲ್ಲ."

ಗಾದಿಯನ್ನು ಅಲ್ಲಿಯೇ ಎಸೆದು ಗಿರಣಿಗೆ ಬಂದೆವು. ಹೊಸ್ತಿಲಲ್ಲಿ, ಓಣಿಗೆ ಮುಖ ಮಾಡಿ ಕೂತೆವು. ಅವಳ ಕೈ, ನನ್ನ ಕೈ. ಪುಸ್ತಕ ಸ್ವಲ್ಪ ಹೊತ್ತು ಸುಮ್ಮನಿತ್ತು.  ಆಮೇಲೆ ಮೆಲ್ಲಗೆ, ಎಣ್ಣೆ ಕಾಣದ ಬಾಗಿಲು ತೆರೆದಂತೆ ತೆರೆದುಕೊಂಡಿತು.

ನಾನು ಓದಿದೆ. ಪಟ್ಟಾ ತಿರುಗುವಾಗ ಗಿರಣಿಯ ಆ ತುದಿಯಲ್ಲಿರುವ ಗಂಡನನ್ನು ಹೇಗೆ ಕರೆಯುತ್ತೇನೋ ಆ ದನಿಯಲ್ಲಿ ಓದಿದೆ. ಮಂಜು, ನೀರು, ಗಂಟೆ. ಎದುರು ಶೆಡ್ಡಿನಲ್ಲಿ ಇಮಾಮಸಾಬ ತಲೆ ಎತ್ತಿದ. ಎದ್ದು ಬಾಗಿಲಿಗೆ ಬಂದ. ನಾನು ಓದುತ್ತಲೇ ಇದ್ದೆ. ಒಂದು ಕಡೆ ನಾನೇ ಅವಸರದಲ್ಲಿ ಸಾಲು ಬಿಟ್ಟೆ. ದಾವಲಿ ಕಣ್ಣು ಓರೆಮಾಡಿ ನನ್ನನ್ನು ನೋಡಿದಳು. ಬಿಟ್ಟ ಸಾಲಿನ ಕೆಳಗೆ ತನ್ನ ಸೊಟ್ಟ ಕಿರುಬೆರಳು ಇಟ್ಟಳು, ಅಷ್ಟೆ. ಬೈದು ಕಲಿಸಿದ ನಮ್ಮ ಮಾಸ್ತರರಿಗೆ ಆ ಬೆರಳು ಇದ್ದಿದ್ದರೆ ನಾನು ಎಂಟನೆಯ ತರಗತಿಗೂ ಹೋಗುತ್ತಿದ್ದೆನೋ ಏನೋ.

"ತಡೀರಿ ಅಕ್ಕಾರ," ಇಮಾಮಸಾಬ ಓಣಿಯ ಆ ಕಡೆಯಿಂದ ಕೂಗಿದ. "ಇದು ಎಮ್ಮಿ ಕತಿ ಏನು?"

"ಹೌದಪ್ಪಾ ಎಮ್ಮಿದು!"

"ಮತ್ತ ಆ ಬೈಯೂ ಹೆಣ್ಮಗಳು?"

"ಆಕಿ ಸತ್ಲು!" ಎಂದೆ. "ಸುಮ್ನ ಕುಂತು ಕೇಳು!"

ಬೀಸಲು ಬಂದ ಹೆಂಗಸರು ಡಬ್ಬಿ ತಟ್ಟಿ ನಕ್ಕರು. ಇಮಾಮಸಾಬ ಹೊಸ್ತಿಲಲ್ಲಿ ಕೂತು ಗಲ್ಲಕ್ಕೆ ಕೈ ಕೊಟ್ಟ. ಅವನು ನಗಲೂ ಇಲ್ಲ, ಹೌದ್ರಿ ಎನ್ನಲೂ ಇಲ್ಲ. ಕೇಳುವ ಮನುಷ್ಯನ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ. ದಾವಲಿ ಪುಸ್ತಕ ನೋಡುತ್ತಿರಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು, ಕೈಯನ್ನು ಮಾತ್ರ ರಟ್ಟಿನಿಂದ ಅಲುಗಿಸದೆ.

ದಿನಾ ಹೀಗೆ ನಡೆಯಿತು. ಹಾಳೆಗೊಂದು ಸಲ ನಾವು ನಿಂತು ವಾದ ಮಾಡುತ್ತಿದ್ದೆವು, ಎಮ್ಮೆ ಮಾಡಿದ್ದು ಸರಿಯೋ ತಪ್ಪೋ ಎಂದು. ನಡುನಡುವೆ ದಾವಲಿಯೂ ಓದುತ್ತಿದ್ದಳು, ಮೊದಲು ಒಂದು ಸಾಲು, ಆಮೇಲೆ ಅರ್ಧ ಹಾಳೆ. ಅವಳ ಸರದಿ ಬಂದಾಗ ನಾನು ಅದನ್ನೇ ಹಿಂದಿನಿಂದ ಗಟ್ಟಿಯಾಗಿ ಅನ್ನುತ್ತಿದ್ದೆ, ಎದುರು ಶೆಡ್ಡಿನಲ್ಲಿದ್ದವನ ಸಲುವಾಗಿ. ಕೇಳಲು ಬರುವವರು ಹೆಚ್ಚಾದರು. ಬೀಸುವುದು ಏನೂ ಇಲ್ಲದವರು ಸಹ ಖಾಲಿ ಡಬ್ಬಿ ಹಿಡಿದು ಸಾಲಿನಲ್ಲಿ ಕೂತರು.

ಕಡೆಯ ಹಾಳೆಗೆ ಬಂದದ್ದು ಅಮಾವಾಸ್ಯೆಯ ಹಿಂದಿನ ದಿನ. ಅಂದು ಇನ್ನೇನು ಹಾಳೆ ತಿರುವಬೇಕು, ಕರೆಂಟು ಬಂದುಬಿಟ್ಟಿತು. ಮೇಲಿನ ಬಲ್ಬು ಹತ್ತಿತು. ಓಣಿಯ ತುಂಬ ಯಂತ್ರಗಳು ಎದ್ದು ಕೂತವು. ಕರೆಂಟಿದ್ದಾಗ ನನ್ನ ಗಿರಣಿ ನಿಂತದ್ದೇ ಇಲ್ಲ. ಮದುವೆಮನೆಗೆ ಹಿಟ್ಟು ಬೇಕಿದ್ದವನೊಬ್ಬ ಹಿಂದಿನಿಂದ ಎದ್ದು, "ಕಲ್ಲವ್ವಾರ, ಚಾಲೂ ಮಾಡ್ರಿ, ಮತ್ತ ಯಾವಾಗ ಹೋಗತೈತೋ ಏನೋ!" ಎಂದ.

ಗದಿಗೆಪ್ಪ ಗಿರಣಿಯ ಸ್ವಿಚ್ಚಿಗೆ ಕೈ ಹಾಕಿ ನನ್ನ ಕಡೆ ನೋಡಿದ.

"ಮುಟ್ಟಬ್ಯಾಡ್ರಿ ಅದನ್ನ!" ಎಂದು ಒದರಿದೆ. "ಹಿಟ್ಟು ಎಲ್ಲಿಗೂ ಓಡಿ ಹೋಗಂಗಿಲ್ಲ. ಎಮ್ಮಿ ಹೋಗತೈತಿ! ಕುಂದ್ರೋ ನೀ ಮದಿವಿ ಮನಿಯವನ, ಇಲ್ಲಂದ್ರ ನಿನ್ನ ಜ್ವಾಳಾ ಕೋಳಿಗೆ ಚೆಲ್ಲತೀನಿ!"

ಎದುರು ಇಮಾಮಸಾಬ ತನ್ನ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಓಣಿ ದಾಟಿ ಬಂದು ನಮ್ಮ ಮುಂದೆ ನೆಲದ ಮೇಲೆ ಕೂತ. ಕಡೆಯ ಹಾಳೆಯನ್ನು ದಾವಲಿ ಓದಿದಳು. ನಾನು ಹಿಂದಿನಿಂದ ಹೇಳಬೇಕೆಂದು ಬಾಯಿ ತೆರೆದೆ, ಅವಳ ದನಿಯ ಮೇಲೆ ನನ್ನದು ಬೀಳುವುದು ಬೇಡವೆನಿಸಿ ಮುಚ್ಚಿಕೊಂಡೆ. ಇಮಾಮಸಾಬ ಅವಳ ತುಟಿಯನ್ನೇ ನೋಡುತ್ತ ಕೂತಿದ್ದ. ಎಷ್ಟು ಕೇಳಿಸಿತೋ ನನಗೆ ಗೊತ್ತಿಲ್ಲ. ಅವಳು ನಿಲ್ಲಿಸಿದಾಗ ಹೆಗಲ ಮೇಲಿನ ವಸ್ತ್ರ ತೆಗೆದು ಕಣ್ಣು ಒರೆಸಿಕೊಂಡ. ಪುಸ್ತಕ ತಾನಾಗಿ ಮುಚ್ಚಿಕೊಂಡಿತು, ಈ ಸಲ ಸಪ್ಪಳವಿಲ್ಲದೆ.

ಅಲ್ಲಿಂದ ಎಲ್ಲರೂ ಎದ್ದು ಗ್ರಂಥಾಲಯದ ಕಡೆ ಹೊರಟೆವು. ಅಡವೆಪ್ಪ ಮಾಸ್ತರರು ಮೆಟ್ಟಿಲ ಮೇಲೆಯೇ ನಿಂತಿದ್ದ ರೀತಿ ನೋಡಿದರೆ ಬೆಳಗಿನಿಂದ ಕಾಯುತ್ತಿದ್ದಂತಿತ್ತು. ಪುಸ್ತಕ ತೆಗೆದುಕೊಂಡು, ನನ್ನ ಮುಖ ನೋಡಿ, "ಎಮ್ಮಿನ ತಿನಲಿಲ್ಲಲ್ರಿ," ಎಂದರು. ದಾವಲಿ ಹಗ್ಗ ಹಿಡಿದು ಜಗ್ಗಿದಳು. ಗಂಟೆ ಮೊಳಗಿತು. ಪೇಟೆಯಲ್ಲಿ ತಕ್ಕಡಿಗಳು ಕೆಳಗಿಳಿದವು.

"ಕಡಿಗೆ ಏನಾತು?" ಎಂದು ಎಲ್ಲ ಕಡೆಯಿಂದ ಕೂಗಿದರು.

ಅವಳು ಬಾಯಿ ತೆರೆದಳು. ಸೊಳ್ಳೆಯ ದನಿ. ಮುಂದೆ ನಿಂತ ನಮಗೇ ಸರಿಯಾಗಿ ಕೇಳಿಸಲಿಲ್ಲ. "ಕೇಳಸವಲ್ದು!" ಎಂದರು ಬಾಳೆಹಣ್ಣಿನವರು. "ಗಟ್ಟಿಯಾಗಿ ಹೇಳವಾ!" ಎಂದರು ಪಾತ್ರೆ ಅಂಗಡಿಯವರು. ಒಬ್ಬರ ಮೇಲೊಬ್ಬರು ಕೂಗತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರಿಗೂ ಸೇರಿಸಿ ನಾಲ್ಕು ಮಾತು ಅನ್ನಲು ಮೆಟ್ಟಿಲು ಹತ್ತಲು ಹೊರಟೆ. ದಾವಲಿ ಕೈ ಮಾಡಿ ನನ್ನನ್ನು ತಡೆದಳು. ಹಿಂದೆ ಜನರ ನಡುವೆ ನಿಂತ ಅಪ್ಪನನ್ನು ನೋಡಿದಳು. ಅವನ ಕೈ ಎಲ್ಲರೆದುರೂ ಕಿವಿಯ ಹಿಂದೆ ಇತ್ತು. ಅವಳು ಎದೆ ತುಂಬ ಉಸಿರು ತೆಗೆದುಕೊಂಡಳು.

"ಗದ್ದಲಾ ಮಾಡಬ್ಯಾಡ್ರಿ! ಬಾಯಾಗ ಹತ್ತಿ ತುರುಕ್ಲೇನು? ಸುಮ್ನ ನಿಂತು ಕೇಳ್ರಿ!"

ಪೇಟೆ ಗಪ್ಪಾಯಿತು. ಎಲ್ಲರೂ ಮೊದಲು ತಿರುಗಿ ನನ್ನನ್ನು ನೋಡಿದರು, ಆಮೇಲೆ ಅವಳನ್ನು. ಎಲ್ಲರಿಗಿಂತ ಮೊದಲು ನಕ್ಕವನು ಹಿಂದೆ ನಿಂತಿದ್ದ ಇಮಾಮಸಾಬ.

ಅವಳು ಹೇಳಿದಳು. ಒಂದು ಅಕ್ಷರವೂ ನುಂಗದೆ, ಇಡೀ ಪೇಟೆಗೆ ಕೇಳುವಂತೆ ಹೇಳಿದಳು. ಗಂಟೆ ಯಾವ ಕಡೆಯದು, ಎಮ್ಮೆ ಯಾವ ದಡ ಹತ್ತಿತು, ಹತ್ತಿದ ಮೇಲೆ ಯಾರ ಮನೆಗೆ ಹೋಯಿತು ಎಂಬುದೆಲ್ಲ ನಮ್ಮ ಊರಿನವರಿಗೆ ಈಗ ಗೊತ್ತಿದೆ. ನಿಮಗೆ ನಾನು ಹೇಳುವುದಿಲ್ಲ. ಪುಸ್ತಕ ಗ್ರಂಥಾಲಯದಲ್ಲಿದೆ. ಬೇಕಾದರೆ ಒಂದು ಕೈ ಜೊತೆ ಮಾಡಿಕೊಂಡು ಬನ್ನಿ. ನನ್ನ ಕೈ ಕೇಳಬೇಡಿ, ಅದು ಖಾಲಿಯಿಲ್ಲ. ದಾವಲಿ ಇನ್ನೊಂದು ಪುಸ್ತಕ ತಂದಿದ್ದಾಳೆ, ದಪ್ಪದ್ದು. ಅಪ್ಪನೂ ಮಗಳೂ ನನ್ನ ಆ ಹಳೆಯ ಗಾದಿ ತುಂಬಿ ತಂದು ಹೊಸ್ತಿಲಲ್ಲಿ ಹಾಸಿದ್ದಾರೆ, ಕರೆಂಟು ಹೋಗುವುದನ್ನು ಕಾಯುತ್ತ ಕೂತಿದ್ದೇವೆ.